ಅಳಿಸಲಾಗದ ಡಿಸ್ಕು

ಗೆದ್ದಲು ಸತ್ತದ್ದು ಬೆಳಿಗ್ಗೆ ಹನ್ನೊಂದಕ್ಕೆ, ಚಹಾ ಬರುವುದಕ್ಕೆ ತುಸು ಮುಂಚೆ. ವಿಷಯ ಅವನಿಗೇ ಗೊತ್ತಾದದ್ದು ಚಹಾ ಕುಡಿದ ಮೇಲೆ.

ಗೆದ್ದಲು ಎಂದರೆ ದಾಖಲೆ ಕೋಣೆಯ ಗುಮಾಸ್ತ. ಇಪ್ಪತ್ತೆರಡು ವರ್ಷ ಕಾಗದದ ನಡುವೆಯೇ ಬದುಕಿದವನಿಗೆ ಕಚೇರಿಯವರು ಪ್ರೀತಿಯಿಂದ ಇಟ್ಟ ಹೆಸರು. ಸೇವೆಯಲ್ಲಿದ್ದಾಗಲೇ ತೀರಿಕೊಂಡ ನೌಕರರ ಪಟ್ಟಿಯನ್ನು ವರ್ಷಕ್ಕೊಮ್ಮೆ ಡಿಸ್ಕಿಗೆ ಬರೆದು ಮೇಲಿನ ಮಹಡಿಗೆ ಒಪ್ಪಿಸುವುದು ಅವನ ಕೆಲಸ. ಬರೆದರೆ ಅಳಿಸಲಾಗದ ಡಿಸ್ಕೇ ಆಗಬೇಕೆಂದು ಕಚೇರಿಯ ನಿಯಮ. ವರ್ಷಕ್ಕೆ ಒಂದೇ ಡಿಸ್ಕು ಎಂಬುದು ಉಗ್ರಾಣದ ನಿಯಮ.

ಫಾರಂ ಸರಿಯಿದೆಯೇ ಎಂದು ನೋಡಲು ಮೊದಲ ಸಾಲಿನಲ್ಲಿ ಒಂದು ಹೆಸರು ಹಾಕಿ ಆಮೇಲೆ ತೆಗೆಯುವುದು ಅವನ ಹಳೆಯ ಅಭ್ಯಾಸ. ಬದುಕಿರುವ ಇನ್ನೊಬ್ಬರ ಹೆಸರನ್ನು ಆ ಜಾಗದಲ್ಲಿ ಹಾಕಲು ಮನಸ್ಸೊಪ್ಪದೆ ತನ್ನದನ್ನೇ ಹಾಕುತ್ತಿದ್ದ. ಈ ಸಲ ತೆಗೆಯುವ ಹೊತ್ತಿಗೆ ಯಾರೋ ಬೀರುವಿನ ಬೀಗದ ಕೈ ಕೇಳಿದರು. ಕೊಟ್ಟು ಬಂದು ಕೂತವನು ಡಿಸ್ಕು ಬರೆದೇಬಿಟ್ಟ.

ಬರೆದದ್ದನ್ನು ಮೌಂಟ್ ಮಾಡಿ, ಅಂದರೆ ಯಂತ್ರದ ಕಣ್ಣಿಗೆ ಬೀಳುವಂತೆ ಮಾಡಿ, ತೆರೆದು ನೋಡಿದ. ನಲವತ್ತೆರಡು ಹೆಸರಿರಬೇಕಾದ ಕಡೆ ನಲವತ್ತಮೂರು. ಮೊದಲನೆಯವನು ತಾನು. ಸತ್ತ ದಿನ, ಇಂದು. ಅಳಿಸಲು ಹೋದರೆ ಯಂತ್ರ 'ಓದಲು ಮಾತ್ರ' ಎಂದು ಬಾಗಿಲು ಕಾಯುವವನ ಹಾಗೆ ಅಡ್ಡ ನಿಂತಿತು.

"ಏನಣ್ಣಾ, ಹೆಣದ ಹಾಗೆ ಕೂತಿದೀರಲ್ಲ?" ಎಂದಳು ಪಕ್ಕದ ಮೇಜಿನ ಟೈಪಿಸ್ಟು.

"ಹಾಗಂತಲೇ ಬರೆದಿದೆ ಕಣಮ್ಮ."

ಹತ್ತು ನಿಮಿಷದಲ್ಲಿ ಸುದ್ದಿ ಕಚೇರಿಯೆಲ್ಲ ಸುತ್ತಿತು. ರವಾನೆ ಗುಮಾಸ್ತ ಬಂದು ಕಿಟಕಿಯನ್ನೇ ಬಹಳ ಹೊತ್ತು ನೋಡಿ, "ಈ ಜಾಗದಲ್ಲಿ ಗಾಳಿ ಚೆನ್ನಾಗಿ ಬರತ್ತೆ ಅಲ್ವಾ?" ಎಂದು ಗೆದ್ದಲಿನ ಕುರ್ಚಿಯ ಬೆನ್ನು ಸವರಿ ಹೋದ.

ನಗುವ ಮಾತಾಗಿರಲಿಲ್ಲ. ಹಿಂದೊಮ್ಮೆ ಹೀಗೆಯೇ ಪಟ್ಟಿಗೆ ಸೇರಿಹೋದ ಡ್ರೈವರೊಬ್ಬ ತಾನು ಬದುಕಿದ್ದೇನೆಂದು ಆರು ವರ್ಷ ಅಲೆದು, ಏಳನೆಯ ವರ್ಷ ನಿಜಕ್ಕೂ ತೀರಿಕೊಂಡಿದ್ದ. ಅವನ ಕಡತದ ಮೇಲೆ 'ತಕರಾರು ಇತ್ಯರ್ಥವಾಗಿದೆ' ಎಂದು ಬರೆದು ಕಟ್ಟಿಟ್ಟವನು ಗೆದ್ದಲೇ.

ಎದ್ದುಬಿದ್ದು ಸಾಹೇಬರ ಮುಂದೆ ಹೋಗಿ ನಿಂತ.

"ಪಟ್ಟಿ ಮುಟ್ಟೋ ಹಾಗಿಲ್ಲ ಕಣ್ರೀ. ಅದು ದಾಖಲೆ," ಎಂದರು ಸಾಹೇಬರು.

"ಸಾರ್, ನಿಮ್ಮೆದುರೇ ನಿಂತಿದೀನಲ್ಲ!"

"ಕಾಣ್ತಿದೆ. ಆದ್ರೆ ನಾನು ಕಂಡಿದ್ದು ದಾಖಲೆ ಆಗಲ್ವಲ್ಲ. ತಿದ್ದುಪಡಿ ಅಂತ ಬೇರೆ ಹಾಳೆ ಸೇರಿಸಿ. ನಾಲ್ಕಕ್ಕೆ ಡಿಸ್ಕು ಮೇಲೆ ಹೋಗತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ. ನಿಮ್ಮ ಕೈಲಂತೂ ಈಗ್ಲೇ ಆಗಲ್ಲ."

ಅಷ್ಟರಲ್ಲಿ ತಜ್ಞ ಒದಗಿದ. ಕಂಪ್ಯೂಟರಿನ ಎರಡು ದಿನದ ತರಬೇತಿಗೆ ಹೋಗಿ ಒಂದು ದಿನ ಕೂತು ಬಂದಿದ್ದ ಸಹೋದ್ಯೋಗಿಗೆ ಕಚೇರಿ ಕೊಟ್ಟ ಬಿರುದು ಅದು.

"ಅಳಿಸಕ್ಕಾಗಲ್ಲ, ಆದ್ರೆ ಸೇರಿಸಬಹುದು. ಡಿಸ್ಕಲ್ಲಿ ಜಾಗ ಮಿಕ್ಕಿದೆ. ಎರಡನೇ ಕಂತು ಬರೆಯೋಣ. ಸ್ವಲ್ಪ ಆಚೆ ಸರೀರಿ ಗೆದ್ದಲಣ್ಣ, ನಿಮಗೆ ಪುನರ್ಜನ್ಮ ಕೊಡ್ತೀನಿ."

'ಇವರು ಬದುಕಿದ್ದಾರೆ' ಎಂಬ ಒಂದೇ ಸಾಲಿನ ಹಾಳೆ ಸಿದ್ಧವಾಯಿತು. ಡ್ರೈವು ಮುದುಕನ ಕೆಮ್ಮಿನಂತೆ ಗೊರಗುಟ್ಟುತ್ತ ಬರೆಯತೊಡಗಿತು. ಆಗಲೇ ಹೆಂಡತಿಯ ಫೋನು.

"ನಿಮ್ಮ ಆಫೀಸಿಂದ ಯಾರೋ ಮಾತಾಡಿದ್ರು. ಯಾವಾಗ ತರ್ತಾರೆ ಅಂತ ಕೇಳಿದ್ರು. ಸಂಜೆ ಅವರೇ ಬರ್ತಾರಲ್ಲ ಅಂದೆ. ಗೊಳೋ ಅಂತ ಅತ್ತುಬಿಟ್ರು, ಪಾಪ. ಏನ್ರೀ ತರ್ತಿದೀರಿ?"

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಡಿಸ್ಕು ಮೇಲೆ ಹೋಯಿತು. ಗೆದ್ದಲು ಹೊರಗೆ ಬಂದು ಉಸಿರು ಬಿಟ್ಟ. ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಪಟ್ಟಿಯ ಹದಿನೇಳನೆಯ ಸಾಲಿನವನ ಹೆಂಡತಿ. ಪಟ್ಟಿಗೆ ಮೇಲಿನ ಮಹಡಿಯ ಮುದ್ರೆ ಬಿದ್ದರೆ ಸತ್ತವರ ಸಂಸಾರ ಕ್ವಾರ್ಟರ್ಸಿನಲ್ಲಿ ಇನ್ನೊಂದು ವರ್ಷ ಇರಬಹುದು. ಬೀಳದಿದ್ದರೆ ನಾಳೆ ಬೀಗ.

"ಹೋಯ್ತಾ ಅಣ್ಣಾ?"

"ಹೋಯ್ತು ತಾಯಿ. ಇನ್ನು ಚಿಂತೆಯಿಲ್ಲ."

ನಾಲ್ಕೂವರೆಗೆ ಸಾಹೇಬರ ಕೋಣೆಯಿಂದ ಎಲ್ಲರಿಗೂ ಕರೆ ಬಂತು. ಮೇಲಿನ ಮಹಡಿಯ ಅಧಿಕಾರಿ ಫೋನಿನಲ್ಲಿ ಕೋಣೆಗೆಲ್ಲ ಕೇಳುವಂತೆ ಗುಡುಗುತ್ತಿದ್ದರು.

"ಏನ್ರೀ, ನಿಮ್ಮ ಡಿಸ್ಕಲ್ಲಿ ಸತ್ತವರೇ ಇಲ್ಲ! ಯಾರೋ ಒಬ್ಬ ಬದುಕಿದಾನೆ ಅಂತ ಒಂದು ಸಾಲಿದೆ. ಅದನ್ನ ಹೇಳಕ್ಕೆ ಡಿಸ್ಕು ಬೇಕಿತ್ತೇನ್ರೀ?"

ಎಲ್ಲರೂ ತಜ್ಞನ ಕಡೆ ತಿರುಗಿದರು. ತಜ್ಞ ಗೋಡೆಯ ಕಡೆ ತಿರುಗಿದ.

"ಎರಡನೇ ಕಂತಿಗೆ ಮೊದಲನೇದನ್ನ ಪೋಣಿಸಬೇಕಿತ್ತು ಅನ್ಸತ್ತೆ. ಇಲ್ದಿದ್ರೆ ಯಂತ್ರ ಕೊನೇದನ್ನ ಮಾತ್ರ ತೋರಿಸತ್ತೆ. ಅದು ಎರಡನೇ ದಿನದ ಪಾಠ ಇರಬೇಕು."

"ದಾಖಲೆ ನಾಶ," ಎಂದರು ಸಾಹೇಬರು ಗೆದ್ದಲಿಗೆ. "ಕೆಲಸದಿಂದ ವಜಾ. ನಾಳೆಯೇ ಕ್ವಾರ್ಟರ್ಸು ಖಾಲಿ."

"ಸತ್ತಿದ್ರೆ ಒಂದು ವರ್ಷ ಇರಬಹುದಿತ್ತು," ಎಂದು ಟೈಪಿಸ್ಟು ಮರುಗಿದಳು.

ಗೆದ್ದಲು ಫೋನಿನ ಕಡೆ ಬಾಗಿದ. "ಸಾರ್, ಪಟ್ಟಿ ಎಲ್ಲೂ ಹೋಗಿಲ್ಲ, ಅಡಿಯಲ್ಲೇ ಇದೆ. ಮೌಂಟ್ ಮಾಡುವಾಗ ಮೊದಲನೇ ಕಂತು ಅಂತ ಹೇಳಿದ್ರೆ ಬರತ್ತೆ. ಎರಡನ್ನೂ ನೋಡಿಬಿಡಿ ಸಾರ್."

"ಒಂದು ಡಿಸ್ಕು, ಒಂದು ಪಟ್ಟಿ," ಎಂದಿತು ಫೋನು. "ಯಾವುದಕ್ಕೆ ಮುದ್ರೆ ಒತ್ತಲಿ? ಬೇಗ ಹೇಳಿ."

ಅರೆತೆರೆದ ಬಾಗಿಲಾಚೆ ಬೆಂಚು ಕಾಣುತ್ತಿತ್ತು. ಆ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಮೊದಲನೇದು," ಎಂದ ಗೆದ್ದಲು.

ಫೋನಿನಲ್ಲಿ ಕೀಲಿಮಣೆಯ ಟಕಟಕ. "ಹಾಂ, ಬಂದ್ರು. ನಲವತ್ತಮೂರು. ಎಲ್ಲಾ ಸರಿಯಿದೆ. ಮೊದಲನೆಯವರು ಇವತ್ತೇ ಹೋಗಿದಾರಲ್ರೀ, ಪಾಪ! ನಿಮ್ಮ ಕಡೆಯವರಾ?"

"ಹೌದು ಸಾರ್," ಎಂದರು ಸಾಹೇಬರು. "ಒಳ್ಳೆ ಕೆಲಸಗಾರ."

ಫೋನಿಟ್ಟು ಎಲ್ಲರನ್ನೂ ಹಜಾರಕ್ಕೆ ಕರೆದರು. ಯಾರಾದರೂ ಹೋದಾಗ ಒಂದು ನಿಮಿಷ ಮೌನವಾಗಿ ನಿಲ್ಲುವುದು ಆ ಕಚೇರಿಯ ಪದ್ಧತಿ. ಕುರ್ಚಿಗಳು ಕಿರುಗುಟ್ಟಿದವು. ಇಪ್ಪತ್ತೆರಡು ವರ್ಷದ ರೂಢಿ. ಗೆದ್ದಲೂ ತನ್ನ ಕಿಟಕಿಯ ಬಳಿ ಹೋಗಿ ತಲೆ ತಗ್ಗಿಸಿ ನಿಂತ.

ನಿಮಿಷ ಮುಗಿದಾಗ ಎಲ್ಲರೂ ಕೂತರು. ಗೆದ್ದಲಿನ ಕುರ್ಚಿಯಲ್ಲಿ ರವಾನೆ ಗುಮಾಸ್ತ ಕೂತಿದ್ದ.