ಬುಡ್‌ಬುಡ್‌ನ ತೂಕ ಕೇಳಿದವನು

"ನನ್ನ ಕೈ ದಾಟಿ ಒಂದು ನಾಯಿಯೂ ತಪ್ಪು ಮನೆ ಸೇರಕೂಡದು! ಇದು ನನ್ನ ಶಪಥ!"

ಹೆರ್ಮೀನಿಯಾ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದಾಗ ಸಾಕ್ಷಿಗಿದ್ದವರು ಅವಳ ಗಂಡ ಬೋನಿ ಮತ್ತು ಒಂಬತ್ತು ನಾಯಿಗಳು. ಒಂಬತ್ತೂ ಬಾಲ ಅಲ್ಲಾಡಿಸಿದವು. ಬೋನಿಗೆ ಅಲ್ಲಾಡಿಸಲು ಇದ್ದದ್ದು ತಲೆ ಮಾತ್ರ, ಅದನ್ನೇ ಅಲ್ಲಾಡಿಸಿದ.

ನೆಗ್ರೋಸ್ ದ್ವೀಪದ ಆ ಕಡಲಂಚಿನ ಊರಿಗೆಲ್ಲ ಅವಳು 'ಮನಾಂಗ್', ಅಂದರೆ ಅಕ್ಕ. ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವುದು ಹೊಟ್ಟೆಪಾಡು. ಮೋರಿಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಜೀಪ್ನಿ ಬಸ್ಸುಗಳ ನಿಲ್ದಾಣದಲ್ಲಿ ಕುಂಟುತ್ತ ಬಿದ್ದ ನಾಯಿಗಳನ್ನು ಎತ್ತಿ ತಂದು, ಗಾಯ ತೊಳೆದು, ಮೈ ತುಂಬಿಸಿ, ಸಾಕುವವರನ್ನು ಹುಡುಕುವುದು ಪ್ರಾಣ. ಎತ್ತಿ ತರುವುದು ಅವಳಿಗೆ ಸಲೀಸು. ಕಷ್ಟವಿದ್ದದ್ದು ಕೊಡುವುದರಲ್ಲಿ! ಯಾರ ಮೇಲೂ ಅವಳಿಗೆ ನಂಬಿಕೆ ಇರಲಿಲ್ಲ. ಒಬ್ಬ ನರ್ಸಮ್ಮನನ್ನು ಸೆಂಟು ಹಾಕಿಕೊಂಡಿದ್ದಾಳೆಂದು ತಿರುಗಿಸಿ ಕಳಿಸಿದಳು; ನಾಯಿಯ ಮೂಗು ಏನಾಗಬೇಕು? ಹೊಸದಾಗಿ ಮದುವೆಯಾದ ಜೋಡಿಯನ್ನು ತುಂಬ ನಗುತ್ತಾರೆಂದು ಕಳಿಸಿದಳು. ಬ್ಯಾಂಕಿನವನ ಬೂಟು ಬಹಳ ಹೊಳೆಯುತ್ತಿತ್ತು. ಚರ್ಮದ ಮೇಲೆ ಇಷ್ಟು ಪ್ರೀತಿ ಇರುವವನಿಗೆ ನಾಯಿ ಕೊಡುವುದುಂಟೇ?

"ನಿನ್ನ ಪರೀಕ್ಷೆ ಪಾಸಾಗ್ಬೇಕು ಅಂದ್ರೆ ಸಂತ ಫ್ರಾನ್ಸಿಸನೇ ಇಳಿದು ಬರ್ಬೇಕು ಕಣೆ," ಎಂದ ಬೋನಿ.

"ಬರ್ಲಿ! ಅವನನ್ನೂ ಕೇಳ್ತೀನಿ. ಪ್ರಾಣಿ ಪ್ರಾಣಿ ಅಂತ ಇಷ್ಟು ಹಿಂದೆ ಬೀಳ್ತಾನಲ್ಲ, ಯಾಕೆ ಅಂತ!"

ಬಂದವನು ಸಂತನಲ್ಲ, ಕ್ರಿಸ್ಪುಲೋ. ಪಕ್ಕದ ವಾರ್ಡಿನ ಮೀನುಗಾರ, ಬಿಸಿಲಿಗೆ ಸುಟ್ಟ ಮುಖ, ಅರವತ್ತು ದಾಟಿದ ವಯಸ್ಸು. ಕಂಕುಳಲ್ಲಿ ಒಂದು ಗೋಣಿಚೀಲ! ಹೆರ್ಮೀನಿಯಾಳ ಹುಬ್ಬು ಅಲ್ಲಿಗೇ ಮೇಲೆ ಹೋಯಿತು.

ಅವನ ಕಣ್ಣು ನೇರವಾಗಿ ಬಿದ್ದದ್ದು ಬುಡ್‌ಬುಡ್ ಮೇಲೆ. ಎಲೆಯಲ್ಲಿ ಸುತ್ತಿ ಬೇಯಿಸಿದ ಅಕ್ಕಿ ಕಡುಬಿನ ಹಾಗೆ ಗುಂಡಗೆ, ಕಂದಗೆ ಇದ್ದುದರಿಂದ ಆ ನಾಯಿಗೆ ಆ ಕಡುಬಿನದೇ ಹೆಸರು. ಹಿಂಗಾಲು ಒಂದು ಸೊಟ್ಟ. ಕ್ರಿಸ್ಪುಲೋ ಅದನ್ನು ಹೊಟ್ಟೆಗೆ ಕೈ ಕೊಟ್ಟು ಎತ್ತಿ, ಒಂದು ಸಲ ಮೇಲೆ ಕೆಳಗೆ ತೂಗಿ ನೋಡಿದ.

"ಎಷ್ಟು ತೂಕ ಇರ್ಬೋದು ಮನಾಂಗ್?"

"ಯಾಕೆ?"

"ಗಟ್ಟಿ ಇದೆ. ಇನ್ನೂ ಚೂರು ಮೈ ಬಂದ್ರೆ ನನಗೆ ಸರಿಹೋಗತ್ತೆ."

"ಯಾವುದಕ್ಕೆ ಸರಿಹೋಗತ್ತೆ?"

ಕ್ರಿಸ್ಪುಲೋ ನೆಲ ನೋಡಿದ. "ಅದು... ಹೇಳಿದ್ರೆ ನಗ್ತೀರಿ. ಬಿಡಿ."

ಬಿಡುವುದೇ? ಅವನು ಗೇಟು ದಾಟುವಷ್ಟರಲ್ಲಿ ಹೆರ್ಮೀನಿಯಾ ತೀರ್ಪು ಬರೆದಾಗಿತ್ತು. "ನೋಡಿದ್ಯಾ ಬೋನಿ? ಗೋಣಿಚೀಲ! ತೂಕ! ಇದು ಸಾಕೋನ ಮಾತಲ್ಲ, ಗುಂಡಿನ ಜೊತೆ ನೆಂಚ್ಕೊಳ್ಳೋನ ಮಾತು!"

"ತೂಕದ ಮಾತು ಆಡಿದ ಪಾಪ, ನೀನು ಹಗುರ ಮಾಡಿ ಕಳಿಸಿದೆ," ಎಂದ ಬೋನಿ.

ಭಾನುವಾರ ಅವಳು ಚರ್ಚಿನಿಂದ ಬಂದಾಗ ಬಾಲಗಳ ಲೆಕ್ಕದಲ್ಲಿ ಒಂದು ಕಡಿಮೆ ಇತ್ತು.

"ಬುಡ್‌ಬುಡ್ ಎಲ್ಲಿ?"

"ಕ್ರಿಸ್ಪುಲೋ ಮತ್ತೆ ಬಂದಿದ್ದ," ಎಂದ ಬೋನಿ, ಪೇಪರಿನ ಹಿಂದಿನಿಂದ.

"ಕೊಟ್ಯಾ?"

"ನಾನೆಲ್ಲಿ ಕೊಟ್ಟೆ? ನಾಯೀನೇ ಅವನ ಹಿಂದೆ ಹೋಯ್ತು. ನಾನು ಗೇಟು ತೆಗೆದೆ ಅಷ್ಟೆ."

ಅಂದು ಆ ಮನೆಯಲ್ಲಿ ಏನೇನು ಹಾರಾಡಿತೋ ಬರೆಯುವುದು ಬೇಡ. ಒಂದು ಇಂಚುಪಟ್ಟಿ ಹಾರಿದ್ದಂತೂ ನಿಜ!

ಮಾರನೆಯ ದಿನ, "ಹಲ್ಲುನೋವು, ಡಾಕ್ಟರ ಹತ್ರ ಹೋಗ್ತೀನಿ," ಎಂದು ಗಂಡನಿಗೆ ಕೇಳುವಂತೆ ಗೋಡೆಗೆ ಹೇಳಿ ಹೆರ್ಮೀನಿಯಾ ಹೊರಟಳು. ಅಗಲವಾದ ಹ್ಯಾಟು, ಕಪ್ಪು ಕನ್ನಡಕ, ಕೈಚೀಲದಲ್ಲಿ ಹುರಿದ ಕೋಳಿಯ ಲಿವರು. ಹಲ್ಲಿನ ಡಾಕ್ಟರಿಗೆ ಲಿವರು ಯಾಕೆಂದು ಬೋನಿ ಕೇಳಲಿಲ್ಲ, ಮಾತು ನಿಂತುಹೋಗಿತ್ತಲ್ಲ.

ಕ್ರಿಸ್ಪುಲೋನ ಬೀದಿಯ ಮೂಲೆಯಲ್ಲಿ ತೆಂಗಿನ ವಿನಿಗರ್ ಮಾರುವವಳೊಬ್ಬಳು ಕೂತಿದ್ದಳು. ಹೆರ್ಮೀನಿಯಾ ಒಂದು ಬಾಟಲಿ ಕೊಂಡು ಮೆಲ್ಲಗೆ ಕೆದಕಿದಳು. "ಕ್ರಿಸ್ಪುಲೋ ಅಣ್ಣನ ಮನೇಲಿ ಹೊಗೆ ಕಾಣತ್ತಲ್ಲ?"

"ಇವತ್ತು ಅಲ್ಲಿ ಊಟ ಅಲ್ವಾ! ಅಣ್ಣತಮ್ಮಂದಿರೆಲ್ಲ ಬಂದಿದಾರೆ. ನನ್ನ ಮನೆಯ ದೊಡ್ಡ ಪಾತ್ರೇನೂ ಎತ್ಕೊಂಡು ಹೋದ."

"ಪಾತ್ರೆ? ಎಷ್ಟು ದೊಡ್ಡದು?"

"ಒಂದು ಪ್ರಾಣಿ ಪೂರ್ತಿ ಹಿಡಿಸತ್ತೆ."

ಹೆರ್ಮೀನಿಯಾಳ ಕೈಯ ಬಾಟಲಿ ಕೆಳಗೆ ಬಿತ್ತು. ಬೀದಿಯೆಲ್ಲ ಹುಳಿ ವಾಸನೆ! ಅವಳು ಹಿಂದೆ ನೋಡದೆ ಓಡಿ ಕ್ರಿಸ್ಪುಲೋನ ಬಿದಿರು ಬೇಲಿಗೆ ಕಣ್ಣಿಟ್ಟಳು. ಒಲೆ ಉರಿಯುತ್ತಿದೆ. ಜಿನ್ ಬಾಟಲಿಗಳು ಸಾಲಾಗಿ ನಿಂತಿವೆ. ಒಬ್ಬ ಧಾಂಡಿಗ ಕತ್ತಿ ಮಸೆಯುತ್ತಿದ್ದಾನೆ. ನುಗ್ಗೆ ಮರಕ್ಕೆ ಕಟ್ಟಿದ್ದಾರೆ ಯಾರನ್ನು? ಬುಡ್‌ಬುಡ್‌ನನ್ನು! ಒಳಗಿನಿಂದ ಕ್ರಿಸ್ಪುಲೋನ ದನಿ: "ಬುಡ್‌ಬುಡ್‌ಗೆ ತಿನ್ಸಿದ್ರಾ? ಇವತ್ತು ಖಾಲಿ ಹೊಟ್ಟೇಲಿ ಇರಬಾರ್ದು ಕಣ್ರೋ!"

ಇನ್ನು ತಡೆದರೆ ಹೆರ್ಮೀನಿಯಾ ಹೆರ್ಮೀನಿಯಾ ಹೇಗಾದಾಳು? ಬೇಲಿಯ ಸಂದಿಯಲ್ಲಿ ನುಸುಳಿದಳು. ಹ್ಯಾಟು ಆಚೆ ಉಳಿಯಿತು, ಲಂಗದ ಅಂಚು ಬಿದಿರಿಗೆ ಸಿಕ್ಕಿ ಹರಿಯಿತು. ತೆವಳಿ ಹೋಗಿ ಹಗ್ಗ ಬಿಚ್ಚಿ, "ಬಾ ಮಗನೇ, ಓಡು!" ಎಂದು ಪಿಸುಗುಟ್ಟಿದಳು.

ಬುಡ್‌ಬುಡ್ ಲಿವರು ತಿಂದಿತು. ಕೈ ನೆಕ್ಕಿತು. ಆಮೇಲೆ ಅಲ್ಲೇ ಕೂತಿತು. ಎಳೆದರೆ ಬರಲಿಲ್ಲ. ಎತ್ತಿದಳು. ಮೂರು ತಿಂಗಳು ಅನ್ನ ಕೊಟ್ಟು ತುಂಬಿಸಿದ ಆ ಮೈಯ ತೂಕ ಎಷ್ಟೆಂದು ಆಗ ಅವಳಿಗೇ ಗೊತ್ತಾಯಿತು! ಬೇಲಿಯ ತನಕ ಏದುಸಿರು ಬಿಡುತ್ತ ಬಂದಳು. ಅಲ್ಲಿ ಆ ಕೃತಘ್ನ ಪ್ರಾಣಿ ಬಾಯಿ ತೆರೆದು ಊರಿಗೆಲ್ಲ ಕೇಳುವಂತೆ ಬೊಗಳಿತು.

"ನಾಯಿ ಕಳ್ಳಿ! ನಾಯಿ ಕಳ್ಳಿ!" ವಿನಿಗರಿನವಳು ಕೂಗಿಕೊಂಡಳು. ಆ ವಾರ್ಡಿನಲ್ಲಿ ಆಗಲೇ ಕೆಲವು ನಾಯಿಗಳು ಕಾಣೆಯಾಗಿದ್ದವಂತೆ. ಬೀದಿಯ ಹೆಂಗಸರೆಲ್ಲ ತೆಂಗಿನಗರಿ ಪೊರಕೆ ಹಿಡಿದು ಬಂದರು. ಹರಿದ ಲಂಗ, ಸೊಟ್ಟ ಕನ್ನಡಕ, ತೋಳಲ್ಲಿ ನಾಯಿ: ಹೆರ್ಮೀನಿಯಾಳ ಮೆರವಣಿಗೆ ಬರಂಗಾಯ್ ಕಚೇರಿಗೆ, ಅಂದರೆ ವಾರ್ಡಿನ ಪಂಚಾಯ್ತಿಗೆ, ಹೊರಟಿತು.

ವಾರ್ಡಿನ ಮುಖ್ಯಸ್ಥೆ ಕಪಿತಾನಾ ಒಫೆಲಿಯಾ ಕೈಚೀಲವನ್ನು ಮೂಸಿ ನೋಡಿದಳು. "ಲಿವರು. ಕಳ್ರು ತರೋದು ಇದನ್ನೇ."

"ಕದಿಯೋಕಲ್ಲ ಕಪಿತಾನಾ, ಕಾಪಾಡೋಕೆ ಹೋಗಿದ್ದೆ!"

"ಹಾಗಾದ್ರೆ ಗೇಟು ಬಿಟ್ಟು ಬೇಲಿ ಯಾಕೆ?"

ಹೆರ್ಮೀನಿಯಾ ಹರಿದ ಲಂಗದ ಅಂಚನ್ನು ಮಡಚಿ ಹಿಡಿದಳು. ಅನುಮಾನ ಎಂಬುದು ಒಂದೇ ಅಕ್ಷರ ಬದಲಿಸಿ ಅವಮಾನವಾಗಿ ಎದುರು ಕೂತಿತ್ತು.

ಅಷ್ಟರಲ್ಲಿ ಕೈತುಂಬ ನೀಲಿ ಪೇಂಟು ಮೆತ್ತಿಕೊಂಡ ಕ್ರಿಸ್ಪುಲೋ ಓಡಿಬಂದ. ಬುಡ್‌ಬುಡ್ ಅವಳ ತೋಳಿಂದ ಜಿಗಿದು ಅವನ ಕಾಲಿಗೆ ಬಿತ್ತು.

"ಪಾತ್ರೇಲಿ ಏನು ಬೇಯ್ತಿತ್ತು ಹೇಳಿ, ಮೊದಲು ಅದು ಹೇಳಿ!" ಎಂದಳು ಹೆರ್ಮೀನಿಯಾ.

"ಮೇಕೆ ಮನಾಂಗ್. ಇವತ್ತು ದೋಣಿ ಮತ್ತೆ ನೀರಿಗಿಳಿಸ್ತಿದೀನಿ, ಅದಕ್ಕೆ ಊಟ."

"ನಾಯಿ ತೂಕ ಯಾಕೆ ಕೇಳಿದ್ರಿ ಮತ್ತೆ?"

ಕ್ರಿಸ್ಪುಲೋ ಈಗಲೂ ನೆಲವನ್ನೇ ನೋಡಿದ. "ನನ್ನ ಹೆಂಡ್ತಿ ಸಲೂದ್ ದೋಣಿಯ ಮುಂದ್ಗಡೆ ಕೂರ್ತಿದ್ಲು. ಹೋದ ವರ್ಷ ತೀರ್ಕೊಂಡ್ಲು. ಆಮೇಲಿಂದ ಮುಂದ್ಗಡೆ ಭಾರ ಇಲ್ದೆ ದೋಣಿಯ ಮೂತಿ ಮೇಲೆದ್ದುಬಿಡತ್ತೆ, ನೆಟ್ಟಗೆ ಹೋಗಲ್ಲ. ಒಂದು ಕಲ್ಲಿಟ್ಟೆ. ದೋಣಿ ಏನೋ ನೆಟ್ಟಗಾಯ್ತು. ಆದ್ರೆ ಕಲ್ಲಿನ ಜೊತೆ ಎಷ್ಟು ಅಂತ ಮಾತಾಡೋದು ಮನಾಂಗ್? ಹಲಗೆ ಬಿಸಿಲಿಗೆ ಕಾಯತ್ತೆ ಅಂತ ನಾಯಿ ಕೂರೋಕೆ ಆವತ್ತಿನ ಆ ಗೋಣಿ. ಖಾಲಿ ಹೊಟ್ಟೇಲಿ ಹೋದ್ರೆ ನಾಯಿಗೂ ಅಲೆಗೆ ವಾಂತಿ ಬರತ್ತಂತೆ, ಅದಕ್ಕೆ ತಿನ್ಸಿ ಅಂದೆ."

ಹೆರ್ಮೀನಿಯಾ ಸೊಟ್ಟಗಿದ್ದ ಕಪ್ಪು ಕನ್ನಡಕವನ್ನು ಕಣ್ಣಿನ ಮೇಲೆ ನೆಟ್ಟಗೆ ಎಳೆದುಕೊಂಡಳು. ಈ ಸಲ ವೇಷಕ್ಕಲ್ಲ.

"ಆಗ್ಲೇ ಹೇಳ್ಬಾರ್ದಿತ್ತಾ?" ಎಂದಳು.

"ಹುಚ್ಚ ಅಂದ್ಕೊಂಡು ನಾಯಿ ಕೊಡಲ್ಲ ಅನ್ನಿಸ್ತು."

ಕಪಿತಾನಾ ಗಂಟಲು ಸರಿಮಾಡಿಕೊಂಡಳು. "ಅದೆಲ್ಲ ಸರಿ. ಬೇಲಿ ನುಸುಳಿದವರನ್ನ ಹಾಗೇ ಬಿಡೋಕಾಗಲ್ಲ. ಮನೆಯವರು ಯಾರಾದ್ರೂ ಬಂದು ಕರ್ಕೊಂಡು ಹೋಗ್ಬೇಕು." ಬೋನಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಅವನ ದನಿ ಎಲ್ಲರಿಗೂ ಕೇಳಿತು.

"ಹರಿದ ಲಂಗಾನಾ? ನಾಯಿ ಕದ್ಲಾ? ನಮ್ಮವಳಲ್ಲ ಬಿಡಿ ಮೇಡಂ. ನಮ್ಮವಳು ಹಲ್ಲಿನ ಡಾಕ್ಟರ ಹತ್ರ ಹೋಗಿದಾಳೆ." ಫೋನು ಇಟ್ಟುಬಿಟ್ಟ!

ಮತ್ತೆ ಹಚ್ಚಿದರೆ ಎತ್ತುವವರಿಲ್ಲ. ಹೆಂಗಸರು ಪೊರಕೆಯ ಮರೆಯಲ್ಲಿ ಮುಸಿಮುಸಿ ನಕ್ಕರು. ಬೆಂಚಿನ ತುದಿಯಲ್ಲಿ ಮುದುರಿ ಕೂತ ಹೆರ್ಮೀನಿಯಾಳನ್ನು ಕ್ರಿಸ್ಪುಲೋ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬುಡ್‌ಬುಡ್‌ನ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಮೆತ್ತಗೆ ಹೇಳಿದ:

"ಯಾರೂ ಬರದಿದ್ರೆ ಪರವಾಗಿಲ್ಲ ಕಪಿತಾನಾ, ಇವ್ರನ್ನೂ ನಾನೇ ಕರ್ಕೊಂಡು ಹೋಗ್ತೀನಿ. ಮನೇಲಿ ಊಟ ಇದೆ, ಜಾಗ ಇದೆ. ಸ್ವಭಾವ ಒಳ್ಳೇದೇ ಅನ್ನಿಸತ್ತೆ. ಸ್ವಲ್ಪ ಹೆದರಿದಾರೆ, ಅಷ್ಟೆ."