ನಾನು ಜೋಡಿಸಿದ ಪುಸ್ತಕದ ಬೀರು

ಪುಸ್ತಕ ಜೋಡಿಸುವ ಕಲೆಯಲ್ಲಿ ಅಜ್ಜಂಪುರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ನಮ್ಮ ಕಡೆ ಜೋಡಿಸುವಷ್ಟು ಪುಸ್ತಕವಿದ್ದದ್ದೇ ಶಾಲೆಯಲ್ಲಿ, ಶಾಲೆಗೆ ಇದ್ದ ಮೇಷ್ಟ್ರು ನಾನೊಬ್ಬನೇ.

ಮಹಾರಾಜರ ಸರ್ಕಾರದವರು ಒಂದು ಪೆಟ್ಟಿಗೆ ಕಥೆ ಪುಸ್ತಕ ಕಳಿಸಿದ್ದರು. ಷರತ್ತು ಒಂದೇ. ಮಕ್ಕಳು ಓದಬೇಕು, ಓದದಿದ್ದರೆ ಇನ್‌ಸ್ಪೆಕ್ಟರು ಬಂದು ಅಷ್ಟನ್ನೂ ತರೀಕೆರೆ ಶಾಲೆಗೆ ಸಾಗಿಸುತ್ತಾರೆ. ತರೀಕೆರೆಗೆ! ಅಲ್ಲಿಯ ಹೆಡ್‌ಮಾಸ್ಟರು ನನ್ನ ಷಡ್ಡಕ. ಆ ಪುಸ್ತಕಗಳು ಅವನ ಕೈಸೇರಿದರೆ ಮಾವನ ಮನೆಯಲ್ಲಿ ನಾನು ತಲೆಯೆತ್ತಿ ಊಟ ಮಾಡುವಂತಿರಲಿಲ್ಲ.

ಎಲ್ಲ ಪುಸ್ತಕಗಳಿಗೂ ಒಂದೇ ಬಗೆಯ ಕಂದು ಕಾಗದದ ರಟ್ಟು ಹಾಕಿದೆ. ಎತ್ತರದ ಪ್ರಕಾರ ಬೀರುವಿನಲ್ಲಿ ನಿಲ್ಲಿಸಿ ದಾರ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಸೊಟ್ಟವಿರಲಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಬೀರುವಿಗೇ ಸರಸ್ವತಿ ಪೂಜೆ ಮಾಡಿಸಿದೆ. ಊರಿನವರೆಲ್ಲ ಬಂದು ಕುಂಕುಮ, ಅಕ್ಷತೆ ಹಾಕಿದರು. "ಏನ್ ಜೋಡ್ಸಿದೀರ ಮೇಷ್ಟ್ರೇ, ಮುಟ್ಟಕ್ಕೇ ಮನಸ್ ಬರಲ್ಲ ಕಣ್ರೀ" ಎಂದರು ಪಟೇಲರು. ನನಗೆ ಎದೆಯುಬ್ಬಿತು.

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯಂದು ಕದಲಿಸಬೇಕು. ಅಲ್ಲಿಯವರೆಗೆ ಯಾರೂ ತೆರೆಯುವಂತಿಲ್ಲ. ಅಂದು ಕದಲಿಸಲು ಕೈ ಚಾಚಿದೆ. ಆ ಸಾಲಿನ ಅಂದ ನೋಡಿ ಕೈ ತಾನಾಗಿ ಹಿಂದೆ ಬಂತು. ನಾಳೆ ಕದಲಿಸಿದರಾಯಿತು ಎಂದುಕೊಂಡೆ. ಆ ನಾಳೆ ಕಾರ್ತೀಕ ಬಂದರೂ ಬರಲಿಲ್ಲ. ಬಂದವರು ಇನ್‌ಸ್ಪೆಕ್ಟರು.

ಅವರು ರೈಲಿಳಿದು ನೇರವಾಗಿ ಶಾಲೆಗೇ ಬಂದು, "ಯಾರಾದ್ರೂ ಒಂದು ಪುಸ್ತಕ ತನ್ನಿ" ಎಂದರು. ಮಕ್ಕಳೆಲ್ಲ ಬೀರುವಿಗೆ ಕೈಮುಗಿದು, "ಪೂಜೆ ಕದಲ್ಸಿಲ್ಲ ಸಾ, ಮುಟ್ಟಂಗಿಲ್ಲ" ಎಂದರು ಒಂದೇ ರಾಗದಲ್ಲಿ.

ಇನ್‌ಸ್ಪೆಕ್ಟರು ತಾವೇ ಮೇಲಿನ ಸಾಲಿನಿಂದ ಒಂದನ್ನು ಎಳೆದರು. ಕೋಟಿನ ಮೇಲೆ ಅಕ್ಷತೆ ಸುರಿಯಿತು. ರಟ್ಟು ತೆರೆದರೆ ಹಳೆಯ ಪಂಚಾಂಗ. ಪಕ್ಕದ್ದೂ ಪಂಚಾಂಗ. ಇಡೀ ಸಾಲೇ ಪಂಚಾಂಗ!

"ಸರ್ಕಾರ ಕಳಿಸಿದ್ದು ಇದನ್ನೇನ್ರೀ? ಕಥೆ ಪುಸ್ತಕಗಳೆಲ್ಲಿ?"

ಕಣ್ಣ ಮುಂದೆ ಷಡ್ಡಕನ ನಗುಮುಖ ಬಂದು ನಿಂತಿತು. ಆಗ ಪಟೇಲರ ಮಗಳು ಎದ್ದು, "ಕಥೆ ಪುಸ್ತಕ ಮೇಷ್ಟ್ರಮ್ಮ ಮನ್ಲಿ ಕೊಡ್ತಾರೆ ಸಾ. ನಾವೆಲ್ಲ ಓದಿದೀವಿ" ಎಂದಳು. ಇನ್‌ಸ್ಪೆಕ್ಟರು ಒಂದು ಕಥೆ ಹೇಳಿಸಿದರು. ಅವಳು ತಡವರಿಸಿದಲ್ಲಿ ಹಿಂದಿನವನು ಹೇಳಿದ, ಅವನು ಬಿಟ್ಟದ್ದನ್ನು ಮತ್ತೊಬ್ಬಳು ಹೇಳಿದಳು. ನಾನು ಆ ಕಥೆಯನ್ನು ಕೇಳಿದ್ದು ಅದೇ ಮೊದಲು.

ಶಾಲೆಯ ಹಿಂದೆಯೇ ನಮ್ಮ ಮನೆ. ಇನ್‌ಸ್ಪೆಕ್ಟರ ಜೊತೆ ಹೋಗಿ ನೋಡಿದರೆ ನನ್ನಾಕೆ ಹಪ್ಪಳದ ಮಣೆಯ ಪಕ್ಕ ಪುಸ್ತಕ ತೆರೆದಿಟ್ಟುಕೊಂಡು ಓದುತ್ತಿದ್ದಳು. ಪ್ರತಿ ಹಾಳೆಯ ಮೇಲೂ ಅರಿಶಿನದ ಹೆಬ್ಬೆಟ್ಟು.

"ಇದ್ಯಾವಾಗ ತಂದೆ?" ಎಂದೆ.

"ಪೂಜೆ ಹಿಂದಿನ್ ದಿನಾನೇ. ನಿಮ್ಮ ಗುಣ ನನಗೆ ಗೊತ್ತಿಲ್ವೇನ್ರೀ? ಒಂದ್ಸಲ ಪೂಜೆಗಿಟ್ರೆ ಅವು ಆಚೆ ಬರೋದುಂಟಾ? ಅದಕ್ಕೇ ನೀವು ಹಾಕಿದ್ ರಟ್ಟೊಳಗೆ ಅಪ್ಪಯ್ಯನ ಹಳೇ ಪಂಚಾಂಗ ಇಟ್ಟು ಇವನ್ನ ತಂದ್ಬಿಟ್ಟೆ." ಅವಳ ತಂದೆ ಜೋಯಿಸರು, ಪಂಚಾಂಗಕ್ಕೆ ಬರವಿರಲಿಲ್ಲ.

ಇನ್‌ಸ್ಪೆಕ್ಟರು ಕೊಳೆಯಾದ ಹಾಳೆಗಳನ್ನು ಮಗುಚಿ ನೋಡಿ ನಕ್ಕರು. "ಪುಸ್ತಕ ಇಲ್ಲೇ ಇರಲಿ ಮೇಷ್ಟ್ರೇ. ಬೀರು ಕೀಲಿ ಮಾತ್ರ ಆಕೆ ಹತ್ರ ಇರಲಿ."

ಷಡ್ಡಕನಿಗೆ ಒಂದು ಪುಸ್ತಕವೂ ಸಿಗಲಿಲ್ಲ. ಅವನೆದುರು ನನ್ನ ಹೆಂಡತಿಯನ್ನು ಇಂದಿಗೂ ಹೊಗಳುತ್ತೇನೆ, ಮನಸಾರೆ. ಪುಸ್ತಕಗಳೆಲ್ಲ ಈಗ ಊರಿನ ಮನೆಮನೆ ತಿರುಗುತ್ತಿವೆ, ಬೀರುವಿಗೆ ಬರಲು ಅವಕ್ಕೆ ಪುರಸೊತ್ತಿಲ್ಲ. ಆದರೂ ನಮ್ಮ ಬೀರುವಿನಲ್ಲಿರುವಷ್ಟು ನೆಟ್ಟಗಿನ ಸಾಲು ಕಡೂರಿನವರೆಗೆ ಹುಡುಕಿದರೂ ಸಿಗದು. ಮಾವನವರ ಪಂಚಾಂಗಗಳನ್ನು ದಿನವೂ ಎತ್ತರದ ಪ್ರಕಾರ ನಾನೇ ಜೋಡಿಸುತ್ತೇನೆ.