ಮೆಟ್ಟುಗತ್ತಿ ಮಣೆಯ ಜೀರ್ಣೋದ್ಧಾರ

ಮರದ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಯಿ ಬಿಡಬಾರದು. ಸಾಗರದ ಮರದ ಡಿಪೋದಲ್ಲಿ ಗುಮಾಸ್ತನಾಗಿ, ನಾಟಾಗಳ ನಡುವೆಯೇ ತಲೆ ನರೆಸಿಕೊಂಡವನು ನಾನು. ಹೊನ್ನೆಯೋ ಮತ್ತಿಯೋ ಎಂದು ಕಣ್ಣು ಮುಚ್ಚಿ, ಮೂಸಿ ಹೇಳಬಲ್ಲೆ. ಇಂಥ ಮಹಾಪಂಡಿತನ ಅಡುಗೆಮನೆಯಲ್ಲೇ ಒಂದು ಮಣೆ ಬೂಸ್ಟು ಹಿಡಿದು ಕೂತಿದ್ದರೆ ಜನ ಏನೆಂದಾರು! ಅದರ ಜೀರ್ಣೋದ್ಧಾರ ನನ್ನ ಕೈಯಿಂದಲೇ ಆಗಬೇಕು ಎಂದು ಆ ಮಳೆಗಾಲದ ಕೊನೆಯಲ್ಲಿ ಸಂಕಲ್ಪ ಮಾಡಿದೆ.

ಮಣೆ ಎಂದರೆ ನನ್ನ ಹೆಂಡತಿ ಮಾಸ್ತಮ್ಮ ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಹೆಚ್ಚುವ ಮೆಟ್ಟುಗತ್ತಿಯ ಮಣೆ. ಒಂದು ತುದಿಗೆ ಬಾಗಿದ ಕತ್ತಿ, ಉಳಿದದ್ದು ಅಗಲವಾದ ಹಲಸಿನ ಹಲಗೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಅವಳ ತವರೂರು ಮುಳುಗುವ ಮೊದಲು ಅಣ್ಣಂದಿರು ಕಂಬ, ಬಾಗಿಲು, ಹಂಚು ಎಲ್ಲ ಕಿತ್ತು ಗಾಡಿಗೆ ಹೇರಿದರು. ಇವಳು ತಂದದ್ದು ತೀರಿಹೋದ ಅವ್ವನ ಈ ಮೆಟ್ಟುಗತ್ತಿ ಒಂದನ್ನೇ. ಕಿವಿಯ ಓಲೆಯನ್ನಾದರೂ ಪಕ್ಕದ ಮನೆಗೆ ಎರವಲು ಕೊಟ್ಟಾಳು, ಇದನ್ನು ಕೊಡಳು.

ಬೂಸ್ಟು ಕಂಡ ದಿನದಿಂದ ಅವಳಿಗೂ ಅದೇ ಕೊರಗು.

"ಮಣೆ ಎಲ್ಲಿ ಹಾಳಾಗ್ತದೋ ಅಂತ ಹೆದರಿಕೆ ಕಣ್ರಿ," ಅಂದಳು.

"ನಾನಿಲ್ವಾ?"

"ಅದೂ ಒಂದು ಹೆದರಿಕೇನೇ."

ಅವಳು ರಿಪ್ಪನ್‌ಪೇಟೆಯ ತಂಗಿಯ ಮನೆಗೆ ಬಸ್ಸು ಹತ್ತಿದಳು. ಅವಳನ್ನು ಕಳಿಸಿ ಮನೆಗೆ ಬಂದವನೇ ಮಣೆಯಿಂದ ಕತ್ತಿ ಕಿತ್ತೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆ, ಬೂಸ್ಟು ಹೋಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತು ಹೀಗೆ ನಿಮ್ಮೆದುರು ತಲೆ ತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ. ಮಣೆಯ ಮೇಲೆ ಒಂದು ತಗ್ಗು ಕಂಡಿತು. ಅಂಥ ತಗ್ಗಿರುವ ಹಲಗೆಯನ್ನು ಡಿಪೋದಲ್ಲಿ ನಾವು ಎರಡನೇ ದರ್ಜೆಗೆ ತಳ್ಳುತ್ತೇವೆ. ನನ್ನ ಹೆಂಡತಿಯ ಮಣೆ ಎರಡನೇ ದರ್ಜೆಯೇ? ಬಡಗಿಯ ಹತ್ತರಿ ತಂದು, ಬೆವರು ಸುರಿಸಿ, ಹೆರೆದು ಹೆರೆದು ಹಲಗೆಯನ್ನು ಕನ್ನಡಿಯ ಹಾಗೆ ಸಮ ಮಾಡಿದೆ.

ಇನ್ನು ಬೂಸ್ಟು, ಗೆದ್ದಲು ಹತ್ತಿರ ಸುಳಿಯದಂತೆ ಏನಾದರೂ ಬಳಿಯಬೇಕು. ಡಿಪೋದ ಕಾವಲುಗಾರ ಬೆಳ್ಳಪ್ಪನನ್ನು ಕೇಳಿದೆ.

"ಗೇರೆಣ್ಣೆ ಹೊಡೀರಿ. ಗೆದ್ದಲು ಆ ಕಡೆ ತಲೇನೂ ಹಾಕಲ್ಲ," ಅಂದ. "ಬಳಿಯೋದು ಎಂತಕ್ಕೆ?"

"ಒಂದು ಹಲಗೆಗೆ."

ಅಡುಗೆಮನೆಯ ಹಲಗೆ ಎನ್ನಲು ನನ್ನ ಗುಮಾಸ್ತಗಿರಿ ಬಿಡಲಿಲ್ಲ. ಗೇರುಬೀಜದ ಸಿಪ್ಪೆಯ ಆ ಕರಿ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೂ ಗೊತ್ತು. ಒಣಗಿದ ಮೇಲೆ ಏನೂ ಆಗದು ಎಂದುಕೊಂಡು ಧಾರಾಳವಾಗಿ ಬಳಿದೆ.

ಮಾರನೆಯ ಬೆಳಿಗ್ಗೆ ಮಣೆ ಮಿರಿಮಿರಿ ಮಿಂಚುತ್ತಿತ್ತು. ಕತ್ತಿ ತಿರುಗಿ ಸಿಕ್ಕಿಸುವ ಮೊದಲು, ಅಲ್ಲಾಡುತ್ತದೆಯೇ ನೋಡಲು ತೆಳ್ಳಗಿನ ಪಂಚೆಯಲ್ಲೇ ಅದರ ಮೇಲೆ ಪಟ್ಟಾಭಿಷಿಕ್ತನಾದೆ. ಕೂತೇ ಒಂದು ಲೋಟ ಕಾಫಿಯನ್ನೂ ಕುಡಿದೆ.

ಎಣ್ಣೆ ಒಣಗಿರಲಿಲ್ಲ. ಸಂಜೆಗೆ ಉರಿ, ಮರುದಿನಕ್ಕೆ ಬೊಬ್ಬೆ. ಎಲ್ಲಿ ಎಂದು ಬಿಡಿಸಿ ಹೇಳಬೇಕೆ?

"ಯಾಕ್ರೀ, ನಿಂತ್ಕೊಂಡೇ ಬರೀತೀರಿ?" ಎಂದು ಡಿಪೋದ ಸಾಹೇಬರು ಮುಕುಂದಯ್ಯ ಕೇಳಿದರು.

"ತಮ್ಮ ಎದುರಿಗೆ ಕೂರೋದು ಸರಿಯಲ್ಲ ಅಂತ, ಸಾರ್."

"ಇಷ್ಟು ವರ್ಷ ಕೂತಿದ್ರಲ್ಲ?"

"ತಪ್ಪಾಗಿತ್ತು ಸಾರ್."

ಅಂದು ಸಂಜೆ ಮಾಸ್ತಮ್ಮ ಬಂದಳು. ನನ್ನ ನಡಿಗೆ ನೋಡಿ ನಕ್ಕಳು, ಕತೆ ಕೇಳಿ ಇನ್ನೂ ನಕ್ಕಳು, ನಗುತ್ತಲೇ ಕೊಬ್ಬರಿ ಎಣ್ಣೆ ತಂದುಕೊಟ್ಟಳು.

"ಗೇರೆಣ್ಣೆ ಮೇಲೆ ಯಾರಾದ್ರೂ ಹೋಗಿ ಕೂರ್ತಾರಾ? ಮಣೇನ ಸೀಗೆ ಹಾಕಿ ತೊಳೆದು ಬಿಸಿಲಿಗಿಟ್ಟು ನೋಡುವಾ ಬಿಡಿ."

ಬದುಕಿದೆ ಎಂದುಕೊಂಡೆ. ಅವಳು ಹಳೇ ಬಟ್ಟೆಯಲ್ಲಿ ಹಿಡಿದು ಮಣೆಯನ್ನು ಬಾಗಿಲ ಬೆಳಕಿಗೆ ತಂದಳು. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ನಗು ನಿಂತಿತು.

"ಇಲ್ಲೊಂದು ತಗ್ಗು ಇತ್ತಲ್ಲ, ಎಂತ ಆಯ್ತು?"

"ಅದಾ? ಸವೆದು ಹೋಗಿತ್ತು. ಹತ್ತರಿ ಹೊಡೆದು ಸಮ ಮಾಡ್ದೆ," ಎಂದೆ, ಹೆಮ್ಮೆಯಿಂದಲೇ.

"ಅವ್ವ ಮೆಟ್ಟಿ ಮೆಟ್ಟಿ ಸವೆದಿದ್ದು ಅದು. ನಾನು ದಿನಾ ಅವಳ ಹೆಜ್ಜೆ ಇದ್ದಲ್ಲೇ ಕಾಲಿಟ್ಟು ಹೆಚ್ತಿದ್ದೆ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳುವ ಕೆಲಸವಾದರೂ ನನಗಿರುತ್ತಿತ್ತು. ಅವಳು ಹೆಚ್ಚುವಾಗ ದಿನವೂ ಎದುರಿಗೇ ಕೂತು ಹರಟೆ ಹೊಡೆದವನು ನಾನು. ಆ ಕಾಲು ಎಲ್ಲಿ ಊರುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಹೆರೆದ ಮರವನ್ನು ತಿರುಗಿ ಅಂಟಿಸುವ ವಿದ್ಯೆ ಯಾವ ಡಿಪೋದಲ್ಲೂ ಇಲ್ಲ.

"ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ನಿನ್ನ ಹತ್ರ ಒಂದು ಮಾತು ಕೇಳಬೇಕಿತ್ತು," ಎಂದೆ.

ಅವಳು ಮಣೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು.

"ಕೇಳಬೇಕಿತ್ತು. ಊರು ಮುಳುಗಿಸಿದೋರೂ ಮೊದ್ಲು ನೋಟೀಸು ಕೊಟ್ಟಿದ್ರು."